ಕ್ಯಾಮೆರಾ ಆನ್ ಆದರೆ ಡ್ರೋನ್ ರಿಮೋಟ್ ಕೈಕೊಡುತ್ತದೆಯೇ? ಹೀಗೆ ಪತ್ತೆ ಮಾಡಿ

ಬರೀ ಡ್ರೋನ್ ಹಾರಿಸಿದಾಗ ಎಲ್ಲ ಸರಿಯಿರುತ್ತದೆ. ಕೆಳಗೆ ಆ್ಯಕ್ಷನ್ ಕ್ಯಾಮೆರಾ ಕಟ್ಟಿ ಮೇಲೇರಿಸಿದ ಕೂಡಲೇ ರಿಮೋಟ್ ಎಚ್ಚರಿಕೆಯ ಸದ್ದು ಮಾಡತೊಡಗುತ್ತದೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಂಪರ್ಕವೇ ಕಡಿಯುತ್ತದೆ. ಬಿಡಿಭಾಗ ತಂದು ಡ್ರೋನ್ ಜೋಡಿಸುವ ಹವ್ಯಾಸಿಗಳಲ್ಲಿ ಬಹಳ ಮಂದಿ ಇದಕ್ಕೆ ರಿಮೋಟನ್ನೋ, ಅದರ ಸಿಗ್ನಲ್ ಹಿಡಿಯಲು ಡ್ರೋನ್‌ನಲ್ಲಿರುವ ರಿಸೀವರನ್ನೋ ದೂರಿ ಹೊಸದು ಕೊಂಡುಬಿಡುತ್ತಾರೆ. ಹಾಗೆ ದುಡ್ಡು ಸುರಿಯುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ನೆಲದ ಮೇಲೆಯೇ ಈ ಪರೀಕ್ಷೆ ಮಾಡಿ.

ಕಾರಣ ಮೊದಲು ತಿಳಿದಿರಲಿ. ಹೆಚ್ಚಿನ ರಿಮೋಟ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ 2,400ರಿಂದ 2,483.5 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಕ್ಯಾಮೆರಾದ ಬ್ಲೂಟೂತ್ ಇರುವುದೂ ಅಲ್ಲೇ, ಬಹುತೇಕ ವೈ-ಫೈ ಕೂಡ ಅಲ್ಲೇ. ಈಗಿನ ರಿಮೋಟ್‌ಗಳು ಒಂದು ಆವರ್ತನದಿಂದ (ಫ್ರೀಕ್ವೆನ್ಸಿ) ಇನ್ನೊಂದಕ್ಕೆ ಜಿಗಿಯುತ್ತ ಅಡ್ಡಿಯಿಂದ ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ದೂರದ ಲೆಕ್ಕ ನೋಡಿ. ರಿಮೋಟ್ 1 ಕಿಲೋಮೀಟರ್ ದೂರದಲ್ಲಿದೆ, ಕ್ಯಾಮೆರಾ ರಿಸೀವರ್‌ನಿಂದ 10 ಸೆಂಟಿಮೀಟರ್ ಪಕ್ಕದಲ್ಲಿದೆ ಎಂದಿಟ್ಟುಕೊಳ್ಳಿ. ದೂರದಲ್ಲಿ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಸಿಗ್ನಲ್‌ನ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಎರಡರ ಶಕ್ತಿಯೂ ಒಂದೇ ಆಗಿದ್ದರೂ ರಿಸೀವರ್‌ಗೆ ಕ್ಯಾಮೆರಾದ ವೈ-ಫೈ ಸುಮಾರು ಹತ್ತು ಕೋಟಿ ಪಟ್ಟು ಜೋರು. ಕಿವಿಯ ಪಕ್ಕ ಜಾತ್ರೆಯ ಮೈಕ್ ಕೂಗುತ್ತಿರುವಾಗ ಆಚೆ ಗುಡ್ಡದಿಂದ ಕರೆದವರ ದನಿ ಕೇಳಿಸೀತೇ? ಜಿಗಿದಾಟ ಇದ್ದರೂ ರಿಸೀವರ್‌ಗೆ ಕಿವುಡು ಬರುವುದು ಹೀಗೆ.

ತಯಾರಕರಿಗೂ ಇದು ಗೊತ್ತಿದ್ದ ವಿಷಯವೇ. ಡಿಜೆಐ ಕಂಪನಿ 2013ರಲ್ಲಿ ತಂದ ಫ್ಯಾಂಟಮ್ 2 ವಿಷನ್ ಡ್ರೋನ್‌ನಲ್ಲಿ ಕ್ಯಾಮೆರಾದ ಚಿತ್ರ 2.4 ಗಿಗಾಹರ್ಟ್ಸ್ ವೈ-ಫೈನಲ್ಲಿ ಬರುತ್ತಿತ್ತು, ರಿಮೋಟನ್ನು 5.8 ಗಿಗಾಹರ್ಟ್ಸ್‌ಗೆ ಇಟ್ಟಿದ್ದರು.

ಈಗ ಪರೀಕ್ಷೆ. ಮೊದಲು ರೆಕ್ಕೆಗಳನ್ನು ಬಿಚ್ಚಿಡಿ. ಇದರಲ್ಲಿ ರಾಜಿ ಬೇಡ. ಸಂಪರ್ಕ ತಪ್ಪಿದಾಗ ಮೋಟಾರು ಏನು ಮಾಡೀತೆಂದು ಹೇಳಲಾಗದು. ಮನೆಗಳಿಂದ ದೂರದ ಬಯಲಿನಲ್ಲಿ ಮರದ ಸ್ಟೂಲಿನ ಮೇಲೆ ಡ್ರೋನ್ ಇಡಿ. ಕಬ್ಬಿಣದ ಮೇಜು, ಕಾರಿನ ಬಾನೆಟ್ ಬೇಡ. ರಿಮೋಟ್‌ನ ಮೆನುವಿನಲ್ಲಿ ‘ರೇಂಜ್ ಚೆಕ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ. ಅದು ರಿಮೋಟ್‌ನ ಶಕ್ತಿಯನ್ನು ಬೇಕೆಂದೇ ತಗ್ಗಿಸುತ್ತದೆ, ಕಿಲೋಮೀಟರ್‌ಗಟ್ಟಲೆ ನಡೆಯುವ ಬದಲು ಕೆಲವೇ ಹತ್ತಾರು ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ.

ಕ್ಯಾಮೆರಾದ ಬ್ಯಾಟರಿಯನ್ನೇ ತೆಗೆದು ಮೊದಲ ಸುತ್ತು ನಡೆಯಿರಿ. ರಿಮೋಟ್ ಪರದೆಯಲ್ಲಿ ಸಿಗ್ನಲ್‌ನ ಅಂಕಿ ನೋಡುತ್ತ ಹೋಗಿ, ಸಂಪರ್ಕ ತಪ್ಪಿದ ಕಡೆ ಒಂದು ಕಲ್ಲಿಡಿ. ಎರಡನೆಯ ಸುತ್ತಿನಲ್ಲಿ ಕ್ಯಾಮೆರಾ ಆನ್ ಇರಲಿ, ವೈ-ಫೈ ಆಫ್ ಇರಲಿ. ಮೂರನೆಯದರಲ್ಲಿ ರೆಕಾರ್ಡಿಂಗ್ ನಡೆಯಲಿ. ಕೊನೆಗೆ ವೈ-ಫೈ ಆನ್ ಮಾಡಿ, ಫೋನಿಗೆ ಜೋಡಿಸಿ ನಡೆಯಿರಿ. ಪ್ರತಿ ಸಲವೂ ಅದೇ ದಾರಿ, ರಿಮೋಟ್ ಹಿಡಿಯುವುದೂ ಅದೇ ರೀತಿ. ಬೆನ್ನು ತಿರುಗಿಸಿ ನಡೆದರೆ ನಿಮ್ಮ ಮೈಯೇ ಸಿಗ್ನಲ್‌ಗೆ ಅಡ್ಡವಾಗುತ್ತದೆ, ಲೆಕ್ಕ ಕೆಡುತ್ತದೆ.

ಕಲ್ಲುಗಳೇ ಉತ್ತರ ಹೇಳುತ್ತವೆ. ನಾಲ್ಕೂ ಒಂದೇ ಕಡೆ ಬಿದ್ದಿದ್ದರೆ ಕ್ಯಾಮೆರಾ ನಿರ್ದೋಷಿ, ರಿಸೀವರ್‌ನ ಆಂಟೆನಾ ಮುರಿದಿದೆಯೇ ನೋಡಿ. ಕೊನೆಯದು ಮಾತ್ರ ಹತ್ತಿರ ಬಿದ್ದಿದ್ದರೆ ವೈ-ಫೈ ಕಾರಣ: ಮೆನುವಿನಲ್ಲಿ ವೈರ್‌ಲೆಸ್ ಸಂಪರ್ಕವನ್ನೇ ಪೂರ್ತಿ ಆಫ್ ಮಾಡಿ, ಬ್ಲೂಟೂತ್ ಸಹಿತ. ಹಳೆಯ ಗೋಪ್ರೊ ಹೀರೊ 3ರಂಥವುಗಳಲ್ಲಿ ಕ್ಯಾಮೆರಾ ಆಫ್ ಮಾಡಿದರೂ ವೈ-ಫೈ ಎಚ್ಚರವಾಗಿರುತ್ತದೆ. ಮುಂಭಾಗದಲ್ಲಿ ನೀಲಿ ದೀಪ ಮಿನುಗುತ್ತಿದ್ದರೆ ಅದು ಇನ್ನೂ ಪ್ರಸಾರ ಮಾಡುತ್ತಿದೆ ಎಂದೇ ಅರ್ಥ.

ಎರಡನೆಯದೋ ಮೂರನೆಯದೋ ಕಲ್ಲು ಹತ್ತಿರ ಬಂದಿದ್ದರೆ ತೊಡಕು ವೈ-ಫೈನದಲ್ಲ, ಕ್ಯಾಮೆರಾದೊಳಗಿನ ಸರ್ಕ್ಯೂಟ್ ಹೊರಸೂಸುವ ಗದ್ದಲದ್ದು. ಇಲ್ಲಿ ಜಾಗ ಬದಲಿಸುವುದೇ ಮದ್ದು. ರಿಸೀವರನ್ನು ಕ್ಯಾಮೆರಾದಿಂದ ಆದಷ್ಟು ದೂರ, ಡ್ರೋನ್‌ನ ಇನ್ನೊಂದು ತುದಿಗೆ ಸರಿಸಿ. ಆಂಟೆನಾ ತಂತಿಯ ತುದಿಯಲ್ಲಿ ಸಿಪ್ಪೆ ಬಿಡಿಸಿದ ಹಾಗೆ ಬರಿದಾಗಿರುವ ಸುಮಾರು 31 ಮಿಲಿಮೀಟರ್ ಭಾಗವಿದೆಯಲ್ಲ, ಸಿಗ್ನಲ್ ಹಿಡಿಯುವುದು ಅದೊಂದೇ. ಅದನ್ನು ಕಾರ್ಬನ್ ಫೈಬರ್ ಚೌಕಟ್ಟಿಗೆ ಒತ್ತಿ ಟೇಪ್ ಸುತ್ತಿದರೆ ರಿಸೀವರ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು 90 ಡಿಗ್ರಿಯಲ್ಲಿ, ಚೌಕಟ್ಟಿನಿಂದ ಹೊರಗೆ ಚಾಚುವಂತೆ ನಿಲ್ಲಿಸಿ. ಕ್ಯಾಮೆರಾದ ವಿಡಿಯೊ ತಂತಿಗೆ ಗದ್ದಲ ತಗ್ಗಿಸುವ ಫೆರೈಟ್ ಉಂಗುರ ತೊಡಿಸುವುದೂ ಒಳ್ಳೆಯದು.

ಜಿಪಿಎಸ್‌ಗೆ ಬೇರೆ ಪರೀಕ್ಷೆ ಬೇಕು, ಬಹಳ ಮಂದಿ ಮರೆಯುವುದು ಇದನ್ನೇ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ, 1,575.42 ಮೆಗಾಹರ್ಟ್ಸ್‌ನಲ್ಲಿ ಬರುವ ಆ ಸಿಗ್ನಲ್ ಎಷ್ಟು ಕ್ಷೀಣವೆಂದರೆ ಪಕ್ಕದ ಕ್ಯಾಮೆರಾದ ಸಣ್ಣ ಗದ್ದಲವೂ ಅದನ್ನು ಮುಚ್ಚಿಬಿಡುತ್ತದೆ. ಉಪಗ್ರಹಗಳ ಸಂಖ್ಯೆ ಸ್ಥಿರವಾಗುವವರೆಗೆ ಕಾದು, ಆಮೇಲೆ ರೆಕಾರ್ಡಿಂಗ್ ಶುರು ಮಾಡಿ. ಸಂಖ್ಯೆ ಕುಸಿದರೆ ಜಿಪಿಎಸ್ ಬಿಲ್ಲೆಯನ್ನು ಕಡ್ಡಿಯ ಮೇಲೆ ಎತ್ತರಿಸಿ. ಸಾಲದಿದ್ದರೆ ಅದಕ್ಕೂ ಕ್ಯಾಮೆರಾಗೂ ನಡುವೆ ತಾಮ್ರದ ಟೇಪ್ ಅಂಟಿಸಿ ಡ್ರೋನ್‌ನ ಗ್ರೌಂಡ್‌ಗೆ (ಬ್ಯಾಟರಿಯ ಋಣ ತಂತಿಗೆ) ಸೇರಿಸಿ. ಡ್ರೋನ್‌ನಲ್ಲಿ ಸಣ್ಣ ಕಂಪ್ಯೂಟರ್ ಕೂರಿಸಿ ಯುಎಸ್‌ಬಿ 3 ಕ್ಯಾಮೆರಾ ಬಳಸುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಆ ತಂತಿ, ಕನೆಕ್ಟರ್‌ಗಳ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹಾಳುಮಾಡುತ್ತದೆಂದು ಇಂಟೆಲ್ 2012ರಲ್ಲೇ ದಾಖಲಿಸಿದೆ.

ನೇರ ಚಿತ್ರಕ್ಕೆ ಪ್ರತ್ಯೇಕ ವಿಡಿಯೊ ಟ್ರಾನ್ಸ್‌ಮಿಟರ್ ಬಳಸುವವರು 1.2 ಗಿಗಾಹರ್ಟ್ಸ್‌ನದನ್ನು ಬಿಟ್ಟುಬಿಡಿ. ಟ್ರಾನ್ಸ್‌ಮಿಟರ್ ತನ್ನ ಆವರ್ತನದ ಎರಡು ಪಟ್ಟಿನಲ್ಲೂ ಸ್ವಲ್ಪ ಸೂಸುತ್ತದೆ; 1.2ರ ಎರಡು ಪಟ್ಟು ಸರಿಯಾಗಿ 2.4, ರಿಮೋಟ್‌ಗೂ ಪೆಟ್ಟು, ಜಿಪಿಎಸ್‌ಗೂ ಪೆಟ್ಟು. ರಿಮೋಟನ್ನೇ ಬೇರೆ ಪಟ್ಟಿಗೆ ಒಯ್ಯುವುದಾದರೆ ಭಾರತದಲ್ಲಿ 865–868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ, ನಿಗದಿತ ಶಕ್ತಿಮಿತಿಯೊಳಗೆ ಬಳಸಬಹುದು. ವಿದೇಶದಿಂದ ತರಿಸುವ 915 ಮೆಗಾಹರ್ಟ್ಸ್ ಸೆಟ್ ಇಲ್ಲಿಗೆ ಹೊಂದದು, ಅದು ನಮ್ಮ ಮೊಬೈಲ್ ಪಟ್ಟಿಗೆ ತಾಗುತ್ತದೆ.

ಕೊನೆಗೆ ಫೇಲ್‌ಸೇಫ್, ಅಂದರೆ ಸಂಪರ್ಕ ತಪ್ಪಿದಾಗ ಡ್ರೋನ್ ತಾನಾಗಿ ಮಾಡುವ ಕೆಲಸ. ರೆಕ್ಕೆ ಇನ್ನೂ ಬಿಚ್ಚಿದ್ದಾಗಲೇ, ಕ್ಯಾಮೆರಾ ರೆಕಾರ್ಡ್ ಆಗುತ್ತಿರುವಾಗ ರಿಮೋಟ್ ಆಫ್ ಮಾಡಿ. ನೀವು ಹೊಂದಿಸಿದಂತೆ ಮರಳುವ ಅಥವಾ ಇಳಿಯುವ ಸ್ಥಿತಿಗೆ ಡ್ರೋನ್ ಹೋಗುತ್ತದೆಯೇ ಎಂದು ಆ್ಯಪ್‌ನಲ್ಲಿ ನೋಡಿ. ಅದು ಸರಿಯಿದ್ದರೆ ರೆಕ್ಕೆ ಹಾಕಿ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇರುವ ಜಾಗದಲ್ಲಿ, ಕ್ಯಾಮೆರಾ ಆನ್ ಇಟ್ಟುಕೊಂಡೇ, ತಲೆಮಟ್ಟಕ್ಕಿಂತ ತುಸು ಮೇಲೆ ಮೊದಲ ಸುತ್ತು ಹಾರಿಸಿ, ಇಳಿಸಿದ ಮೇಲೆ ಹಾರಾಟದ ದಾಖಲೆಯಲ್ಲಿ (ಲಾಗ್) ಸಿಗ್ನಲ್ ಗೆರೆ ಎಲ್ಲಾದರೂ ಕುಸಿದಿದೆಯೇ ನೋಡಿ.