ಅರಿಯದ ಇಂಗ್ಲಿಷ್ ಪದವನ್ನು ಬಿಡಿಸಿ ಓದುವುದು ಹೇಗೆ?

ದುರ್ಗ ಎಂದರೆ ಕೋಟೆ ಎಂದು ಚಿತ್ರದುರ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಪದವನ್ನೇ ಬಿಡಿಸಿ ನೋಡಿದರೆ ‘ದುರ್’ ಎಂಬ ಉಪಸರ್ಗವೂ ‘ಹೋಗು’ ಎಂಬ ಅರ್ಥದ ಸಂಸ್ಕೃತ ಧಾತುವೂ ಕೂಡಿ, ಸುಲಭಕ್ಕೆ ಹೋಗಲಾಗದ ಸ್ಥಳ ಎಂಬ ಅರ್ಥ ಹೊರಡುತ್ತದೆ. ಇದೇ ‘ದುರ್’ ದುರ್ಬಲ, ದುರ್ಗಂಧ, ದುರ್ಭಿಕ್ಷಗಳಲ್ಲಿಯೂ ಇರುವುದರಿಂದ, ‘ದುರ್ಲಭ’ ಎಂಬುದನ್ನು ಮೊದಲ ಸಲ ಕಂಡ ಹುಡುಗನೂ ಅದರ ಅರ್ಧ ಅರ್ಥವನ್ನು ತಾನೇ ಊಹಿಸಿಕೊಳ್ಳುತ್ತಾನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಇಂಗ್ಲಿಷ್ ಪಠ್ಯಪುಸ್ತಕದ ಮುಂದೆ ಕಂಗಾಲಾಗುವ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇದನ್ನೇ: ಪದ ಬಿಡಿಸುವ ವಿದ್ಯೆ ನಿಮಗೆ ಆಗಲೇ ಬರುತ್ತದೆ, ಅದನ್ನು ಇಂಗ್ಲಿಷಿಗೂ ಬಳಸಬೇಕು.

ಇಂಗ್ಲಿಷಿನ ವೈಜ್ಞಾನಿಕ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಆ ಎರಡು ಭಾಷೆಗಳೂ ಸಂಸ್ಕೃತವೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಬ್ರಿಟಿಷ್ ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ನೀಡಿದ ಭಾಷಣವೊಂದರಲ್ಲಿ ಹೇಳಿದ್ದರು. ಡೆಂಟಿಸ್ಟ್‌ನ ‘ಡೆಂಟ್’ ನಮ್ಮ ದಂತದ ನೆಂಟ, ಪೆಡಲ್‌ನ ‘ಪೆಡ್’ ಪಾದದ ನೆಂಟ. ಡಿಸೆಂಟ್ರಿಯ, ಅಂದರೆ ರಕ್ತಭೇದಿಯ, ‘ಡಿಸ್’ ಕೂಡ ದುರ್ಗದ ‘ದುರ್’ಗೆ ದಾಯಾದಿಯೇ.

ಮೊದಲ ಹೆಜ್ಜೆ ಪದವನ್ನು ತುಂಡು ಮಾಡುವುದು. ದಾವಣಗೆರೆಯ ಯಾವುದಾದರೂ ದೊಡ್ಡ ನರ್ಸಿಂಗ್ ಹೋಮ್‌ನ ಬೋರ್ಡಿನ ಮುಂದೆ ನಿಂತರೆ ಅಭ್ಯಾಸಕ್ಕೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ. ಗ್ಯಾಸ್ಟ್ರೊಎಂಟರಾಲಜಿ ಎಂಬ ಉದ್ದನೆಯ ಪದವನ್ನು ಬಾಲದಿಂದ ಹಿಡಿಯಿರಿ. ಕೊನೆಯ ‘ಆಲಜಿ’ ಎಂದರೆ ಶಾಸ್ತ್ರ ಎಂಬುದು ಬಯಾಲಜಿ ಓದಿದವರಿಗೆ ಗೊತ್ತೇ ಇದೆ. ‘ಗ್ಯಾಸ್ಟ್ರೊ’ ಎಂದರೆ ಜಠರ, ‘ಎಂಟರೊ’ ಎಂದರೆ ಕರುಳು. ಅಲ್ಲಿಗೆ ಅದು ಜಠರ ಮತ್ತು ಕರುಳಿನ ಶಾಸ್ತ್ರ. ಈಗ ಡಿಸೆಂಟ್ರಿಯನ್ನು ಮತ್ತೊಮ್ಮೆ ನೋಡಿದರೆ ಅದರೊಳಗೂ ಇದೇ ಕರುಳು ಅಡಗಿದ್ದು, ಕರುಳು ಕೆಟ್ಟಿರುವುದು ಎಂಬ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ‘ಐಟಿಸ್’ ಎಂಬ ಬಾಲ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು. ಇಷ್ಟು ತಿಳಿದ ಮೇಲೆ ಗ್ಯಾಸ್ಟ್ರೈಟಿಸ್, ಎಂಟರೈಟಿಸ್, ಗ್ಯಾಸ್ಟ್ರೆಕ್ಟಮಿ ಎಂಬ ಮೂರು ಪದಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಎರಡನೆಯದನ್ನು ನಮ್ಮವರು ಹೆಚ್ಚಾಗಿ ಮರೆಯುತ್ತಾರೆ. ನುಡಿದಂತೆ ಬರೆಯುವ ಕನ್ನಡದ ರೂಢಿಯಿಂದ ನಾವು ಇಂಗ್ಲಿಷ್ ಪದವನ್ನೂ ಕಿವಿಯಿಂದಲೇ ಹಿಡಿಯಲು ಹೋಗುತ್ತೇವೆ. ಇಂಗ್ಲಿಷಿನಲ್ಲಾದರೋ ಬೇರು ಉಳಿದಿರುವುದು ಕಾಗುಣಿತದಲ್ಲಿ. ‘ಸೈನ್’ ಎಂಬುದರಲ್ಲಿ ಉಚ್ಚರಿಸದ ‘ಜಿ’ ಅಕ್ಷರ ಯಾಕಿದೆ ಎಂದು ಗೊಣಗುವವರು ‘ಸಿಗ್ನೇಚರ್’, ‘ಸಿಗ್ನಲ್’ ಎಂಬಲ್ಲಿ ಅದೇ ಅಕ್ಷರ ಬಾಯಿ ಬಿಡುವುದನ್ನು ಗಮನಿಸಬೇಕು. ಗುರುತು ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಮೂರೂ ಬಂದಿವೆ. ಹಾಗೆಯೇ, ಓದುವುದು ಕಷ್ಟವಾಗುವ ತೊಂದರೆಯಾದ ಡಿಸ್‌ಲೆಕ್ಸಿಯಾದ ‘ಡಿಸ್’ ಮತ್ತು ಡಿಸ್‌ಕನೆಕ್ಟ್‌ನ ‘ಡಿಸ್’ ಕನ್ನಡ ಲಿಪಿಯಲ್ಲಿ ಅವಳಿಗಳಂತೆ ಕಂಡರೂ, ‘ವೈ’ ಅಕ್ಷರ ಇರುವ ಮೊದಲನೆಯದು ಗ್ರೀಕಿನದು, ಕೆಡುಕು ಅಥವಾ ಕಷ್ಟ ಎಂಬ ಅರ್ಥದ್ದು. ‘ಐ’ ಅಕ್ಷರದ ಎರಡನೆಯದು ಲ್ಯಾಟಿನ್ನಿನದು, ಬೇರೆಯಾಗಿಸು ಎಂಬ ಅರ್ಥದ್ದು.

ಮೂರನೆಯದಾಗಿ, ಊಹಿಸಿದ ಅರ್ಥವನ್ನು ಆ ಪದ ಬಂದ ಸಂದರ್ಭದಲ್ಲಿ ಇಟ್ಟು ನೋಡಬೇಕು. ಚಿತ್ರದುರ್ಗ, ದಾವಣಗೆರೆಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಇಂಧನ ಹೊತ್ತು ಸಾಗುವ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಕೆಂಪಕ್ಷರದಲ್ಲಿ ಬರೆದಿರುವುದನ್ನು ಕಾಣಬಹುದು. ‘ಇನ್‌ವಿಸಿಬಲ್’ ಎಂದರೆ ಕಾಣದ್ದು ಎಂದು ಕಲಿತವನು ಇದನ್ನು ಬೆಂಕಿ ಹತ್ತದ್ದು ಎಂದು ಓದಿಕೊಂಡರೆ ತಪ್ಪು ಅವನದಲ್ಲ, ಏಕೆಂದರೆ ‘ಇನ್’ ಎಂಬುದಕ್ಕೆ ‘ಅಲ್ಲ’ ಎಂಬ ಅರ್ಥವೂ ‘ಒಳಗೆ’ ಎಂಬ ಅರ್ಥವೂ ಇದೆ. ಬೆಂಕಿ ಹತ್ತದ ವಸ್ತುವಾಗಿದ್ದರೆ ಟ್ಯಾಂಕರ್‌ನ ಹಿಂದೆ ಅಷ್ಟು ದೊಡ್ಡದಾಗಿ ಯಾರು ಬರೆಸುತ್ತಿದ್ದರು? ಆ ಪ್ರಶ್ನೆ ಕೇಳಿಕೊಂಡರೆ, ಥಟ್ಟನೆ ಉರಿ ಹತ್ತುವಂಥದ್ದು ಎಂಬ ಸರಿಯಾದ ಅರ್ಥಕ್ಕೆ ಬಂದು ನಿಲ್ಲುತ್ತೇವೆ.

ಇಷ್ಟಾದ ಮೇಲೆ ನಿಘಂಟು ತೆರೆಯಬೇಕು, ಅದಕ್ಕಿಂತ ಮೊದಲಲ್ಲ. ಮೊದಲೇ ತೆರೆದರೆ ಅರ್ಥ ಸಿಗುತ್ತದೆ, ಆದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ತೆರೆಯದೇ ಬಿಟ್ಟರಂತೂ ‘ಪೆಡ್’ ಎಂದರೆ ಪಾದ ಎಂದು ನಂಬಿ ಪೀಡಿಯಾಟ್ರಿಷಿಯನ್‌ರನ್ನು ಕಾಲಿನ ಡಾಕ್ಟರ್ ಮಾಡಿಬಿಡುವ ಅಪಾಯವಿದೆ. ಮಗು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಆ ‘ಪೆಡ್’ ಬೇರೆಯೇ. ಪದದ ಮೂಲವನ್ನು ಸಾಮಾನ್ಯವಾಗಿ ಅರ್ಥದ ಮುಂಚೆ ಅಥವಾ ಕೊನೆಯಲ್ಲಿ ಚೌಕ ಕಂಸದೊಳಗೆ ಕೊಟ್ಟಿರುವ ನಿಘಂಟನ್ನೇ ಕೊಳ್ಳುವುದು ಒಳ್ಳೆಯದು.

ಕೊನೆಗೆ ಒಂದು ನೋಟ್‌ಬುಕ್ ಬೇಕು. ಒಂದೊಂದು ಬೇರಿಗೆ ಒಂದೊಂದು ಪುಟ ಮೀಸಲಿಟ್ಟು, ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇರುಗಳಿಗೆ ಕೈಹಾಕದೆ, ನಾಲಗೆಯ ಮೇಲೆ ಈಗಾಗಲೇ ಇರುವ ಪದಗಳಿಂದಲೇ ಪುಟವನ್ನು ಆರಂಭಿಸಿ. ‘ಪೋರ್ಟ್’ ಅಂದರೆ ಹೊರು, ಸಾಗಿಸು ಎಂದು ಮೇಲೆ ಬರೆದು, ಅದರ ಕೆಳಗೆ ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರೈಲು ನಿಲ್ದಾಣದ ಪೋರ್ಟರ್ ಇವುಗಳನ್ನು ಸೇರಿಸಿ. ಏರ್‌ಪೋರ್ಟ್ ಮತ್ತು ಪಾಸ್‌ಪೋರ್ಟ್ ಕೂಡ ಅದೇ ಸಾಲಿಗೆ ಬರಲು ನೋಡುತ್ತವೆ. ನಿಘಂಟಿನಲ್ಲಿ ಹುಡುಕಿದರೆ ಅವೆರಡರಲ್ಲಿ ಇರುವುದು ಬಂದರು ಎಂಬ ಅರ್ಥದ ‘ಪೋರ್ಟ್’ ಎಂದು ತಿಳಿಯುತ್ತದೆ. ಅವಕ್ಕೆ ಪಕ್ಕದ ಪುಟದಲ್ಲಿ ಜಾಗ ಮಾಡಿಕೊಡಿ.