ಮೀಟರ್ ಬರುವ ಮೊದಲೇ ಸೋಲಾರ್ ಓಡಿಸಿದ್ದು: ನನ್ನ ಅನುಭವ

ಪ್ಯಾನೆಲ್ ತಾರಸಿ ಮೇಲಿದೆ, ಬ್ಯಾಟರಿ ಗೋಡೆಯಲ್ಲಿದೆ, ದುಡ್ಡೂ ಪೂರ್ತಿ ಹೋಗಿದೆ. ನೆಟ್ ಮೀಟರ್ (ಗ್ರಿಡ್‌ನಿಂದ, ಅಂದರೆ ಹೊರಗಿನ ಲೈನಿನಿಂದ, ಬಂದದ್ದನ್ನೂ ಅದಕ್ಕೆ ಹೋದದ್ದನ್ನೂ ಎಣಿಸುವ ಮೀಟರ್) ಬಂದಿಲ್ಲವೆಂದು ಎಲ್ಲವೂ ಸ್ವಿಚ್ ಆಫ್. ನಾನು ನಿಂತು ಸೋಲಾರ್ ಹಾಕಿಸಿದ ಮೊದಲ ಎರಡು ಮನೆಗಳಲ್ಲಿ ಇದೇ ಕಥೆ. ಮೂರನೆಯದರಲ್ಲಿ ಗ್ರಿಡ್ ಮುಟ್ಟದೆ ಬ್ಯಾಟರಿ ಮೇಲೆಯೇ ಆಯ್ದ ಕೆಲವು ಸರ್ಕ್ಯೂಟ್‌ಗಳನ್ನು ಓಡಿಸಿ, ಮೀಟರ್ ಬಂದ ದಿನ ಒಂದು ಕೇಬಲ್ ಸೇರಿಸುವ ಲೆಕ್ಕ ಹಾಕಿದೆ. ಕೂಸು ಹುಟ್ಟೋ ಮೊದಲೇ ಕುಲಾವಿ ಎಂದರು. ಐದನೇ ವಾರಕ್ಕೆ ಮನೆ ಸೋಲಾರ್‌ನಲ್ಲಿತ್ತು. ಮೀಟರ್ ಬಂದದ್ದು ಹದಿನಾಲ್ಕನೇ ವಾರ.

ಝೀರೋ ಎಕ್ಸ್‌ಪೋರ್ಟ್ (ಗ್ರಿಡ್‌ಗೆ ಕರೆಂಟ್ ಬಿಡದ ಸೆಟಿಂಗ್) ಹಾಕಿ ಗ್ರಿಡ್‌ಗೇ ಜೋಡಿಸಬಹುದಿತ್ತಲ್ಲ ಎನ್ನುವವರಿಗೆ: ಅನುಮತಿಯ ಮಾತು ಹಾಗಿರಲಿ, ದೊಡ್ಡ ಲೋಡ್ ಆಫ್ ಆದಾಗ ಕೆಲ ಕ್ಷಣ ಹೊರಗೆ ಸೋರುತ್ತದೆ. ಹಿಮ್ಮುಖ ಕರೆಂಟನ್ನೂ ಬಳಕೆ ಎಂದೇ ಓದುವ ಮೀಟರ್‌ಗಳಿವೆ. ನಮ್ಮ ಕರೆಂಟಿಗೆ ನಾವೇ ಬಿಲ್ ಕಟ್ಟುವ ಪರಿಸ್ಥಿತಿ.

ಸಾಮಾನು: 550 ವ್ಯಾಟ್‌ನ ಆರು ಪ್ಯಾನೆಲ್ ಒಂದೇ ಸಾಲಿನ ಜೋಡಣೆಯಲ್ಲಿ (ಲೋಡ್ ಇಲ್ಲದಾಗ ಸುಮಾರು 300 ವೋಲ್ಟ್), 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವಂಥದ್ದು), 51.2 ವೋಲ್ಟ್ 100 ಆಂಪಿಯರ್-ಅವರ್‌ನ ಒಂದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಅದರಲ್ಲಿ ಕೈಗೆ ಸಿಗುವುದು ನಾಲ್ಕು ಯೂನಿಟ್ ಚಿಲ್ಲರೆ.

ಹೆಚ್ಚು ದಿನ ತಿಂದದ್ದು ಕಾಗದ. ಮೀಟರ್ ಅರ್ಜಿಯ ನಕ್ಷೆಯಲ್ಲಿ ಬರೆದದ್ದು 550 ವ್ಯಾಟ್‌ನ ಪ್ಯಾನೆಲ್, ಹಿಂದಿನ ಮನೆಗೆ ಬಂದಿಳಿದದ್ದು 540. ಹತ್ತು ವ್ಯಾಟ್‌ಗೆ ಯಾರು ಕೇಳ್ತಾರೆ ಎಂದು ಏರಿಸಿದೆವು. ತಪಾಸಣೆಯಲ್ಲಿ ಮಾಡೆಲ್ ಹೊಂದಲಿಲ್ಲ, ಅರ್ಜಿ ಮತ್ತೆ ಮೊದಲಿಂದ. ಆರೇಳು ವಾರ ಹೋಯಿತು. ಸೀರಿಯಲ್ ನಂಬರಿನ ಸ್ಟಿಕರ್ ಪ್ಯಾನೆಲ್ ಬೆನ್ನಿಗಿರುತ್ತದೆ, ಸ್ಟ್ರಕ್ಚರ್‌ಗೆ ಬಿಗಿದ ಮೇಲೆ ಫೋಟೋ ತೆಗೆಯಲು ಅರ್ಧ ಬಿಚ್ಚಬೇಕು. ಈಗ ನೆಲದಲ್ಲಿರುವಾಗಲೇ ಪ್ರತಿಯೊಂದರ ಫೋಟೋ ತೆಗೆದು, ವೋಲ್ಟೇಜ್ ಅಳೆದು, ಆಮೇಲೆ ಏರಿಸುವುದು. ಅರ್ಜಿ ಫೈಲನ್ನು ಮೇಜಿನಿಂದ ಮೇಜಿಗೆ ಬೇಗ ದಾಟಿಸಲು ನಾನು ಜೊತೆಗಿಡುವ ಒಂದು ಹಾಳೆ ಇದೆ, ಅದು ನನ್ನ ಹತ್ತಿರವೇ ಇರಲಿ.

ದುಡ್ಡಿನದು. ಮೊದಲ ಮನೆಯಲ್ಲಿ ಸೋಲಾರ್ ಕೂರಿಸುವವರಿಗೆ ಮುಂಗಡವೇ ಶೇ. 70 ಹೋಗಿತ್ತು, ಆಮೇಲೆ ಫೋನ್ ಎತ್ತುವವರಿಲ್ಲ. ಈಗ ಮುಂಗಡ 20, ಸಾಮಾನು ಇಳಿದು ಮಾಡೆಲ್ ತಾಳೆಯಾದರೆ 40, ಬ್ಯಾಟರಿ ಮೇಲೆ ಲೋಡ್ ಓಡಿದರೆ 25, ಉಳಿದ 15 ಮೀಟರ್ ಬಂದ ಮೇಲೆ. ಬ್ಯಾಟರಿಯನ್ನು ಕೊನೆಗೆ ತರಿಸಿ. ಬೇಗ ಬಂದರೆ ಪೆಟ್ಟಿಗೆಯಲ್ಲಿ ಕೂತೇ ವಾರಂಟಿ ಕರಗಬಹುದು. ಎಷ್ಟೋ ಕಡೆ ರವಾನೆಯ ದಿನದಿಂದಲೇ ಎಣಿಕೆ. ತಿಂಗಳುಗಟ್ಟಲೆ ಇಡಲೇಬೇಕೆಂದರೆ ಅರ್ಧ ಚಾರ್ಜ್‌ನಲ್ಲಿಡಿ. ಪೂರ್ತಿ ಇಳಿದರೆ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಮಲಗುತ್ತದೆ, ಆಮೇಲೆ ಇನ್ವರ್ಟರ್ ಆನ್ ಆಗದೇ ಇರಬಹುದು.

ಇನ್ನು ಎಡವಿದ ಜಾಗ, ನ್ಯೂಟ್ರಲ್. ಎರಡು ಪೋಲ್ ಚೇಂಜ್‌ಓವರ್ (ಲೋಡನ್ನು ಗ್ರಿಡ್‌ಗೋ ಇನ್ವರ್ಟರ್‌ಗೋ ತಿರುಗಿಸುವ ಸ್ವಿಚ್) ಹಾಕಿ ಫೇಸ್ ಜೊತೆ ನ್ಯೂಟ್ರಲ್ ಕೂಡ ಕತ್ತರಿಸಿದ್ದೆ, ಸರಿಯೇ. ಆದರೂ ಆರ್‌ಸಿಸಿಬಿ (ಹೋದಷ್ಟು ಕರೆಂಟ್ ತನ್ನ ಮೂಲಕವೇ ಮರಳದಿದ್ದರೆ ಲೈನ್ ಕತ್ತರಿಸುವ ಸುರಕ್ಷಾ ಸ್ವಿಚ್) ಬೀಳುತ್ತಲೇ ಇತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: ಮೆಟ್ಟಿಲಿನ ದೀಪ ಪಕ್ಕದ ಸರ್ಕ್ಯೂಟ್‌ನ ನ್ಯೂಟ್ರಲ್ ಎರವಲು ಪಡೆದಿತ್ತು. ಹಳೆ ಮನೆಗಳಲ್ಲಿ ಇದು ಆಗಾಗ ಸಿಗುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದು. ಗ್ರಿಡ್ ಇಲ್ಲದಾಗ ಇನ್ವರ್ಟರ್‌ನ ನ್ಯೂಟ್ರಲ್ ಅರ್ಥ್‌ಗೆ ಸೇರಿರದಿದ್ದರೆ ತೇಲುತ್ತದೆ. ಆಗ ಸೋರಿಕೆಯಾದರೂ ಆರ್‌ಸಿಸಿಬಿ ಬೀಳದು, ಅದರ ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಚೆನ್ನಾಗಿ ಬೀಳುತ್ತದೆ! ಬಟನ್ ನಂಬಬೇಡಿ. ನ್ಯೂಟ್ರಲ್-ಅರ್ಥ್ ನಡುವೆ ವೋಲ್ಟೇಜ್ ಅಳೆಯಿರಿ, ಸೊನ್ನೆಯ ಆಸುಪಾಸು ಬರಬೇಕು. ನೂರು ವೋಲ್ಟ್‌ನ ಆಚೀಚೆ ತೋರಿಸಿದರೆ ತೇಲುತ್ತಿದೆ. ಇನ್ವರ್ಟರ್ ಮೆನುವಿನಲ್ಲಿ ನ್ಯೂಟ್ರಲ್-ಅರ್ಥ್ ರಿಲೇ (ಗ್ರಿಡ್ ಇಲ್ಲದಾಗ ಮಾತ್ರ ಎರಡನ್ನೂ ಸೇರಿಸುವ ಸ್ವಿಚ್) ಆನ್ ಮಾಡಿ. ತಂತಿಯಲ್ಲೇ ಶಾಶ್ವತವಾಗಿ ಸೇರಿಸಿದರೆ ಗ್ರಿಡ್ ಬಂದ ದಿನ ಗ್ರಿಡ್ ಕಡೆಯ ಆರ್‌ಸಿಸಿಬಿ ಬೀಳುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ಬಿಎಂಎಸ್ ಇನ್ವರ್ಟರ್ ಜೊತೆ ಮಾತಾಡುವ ಕೇಬಲ್‌ಗೆ ಒಂದು ದಿನ ದಂಡ. ಎರಡೂ ತುದಿ ಆರ್‌ಜೆ45 (ಲ್ಯಾನ್ ಪ್ಲಗ್) ಎಂದು ಲ್ಯಾನ್ ಕೇಬಲ್ ಚುಚ್ಚಿದೆ. ಪಿನ್‌ಗಳ ಕ್ರಮವೇ ಬೇರೆ. ಮಾಹಿತಿ ಸಾಗಿಸುವ ಕ್ಯಾನ್ ಹೈ, ಕ್ಯಾನ್ ಲೋ ಎಂಬ ಎರಡು ತಂತಿಗಳನ್ನೇ ಸರಿಯಾಗಿ ಕ್ರಿಂಪ್ ಮಾಡಿದ ಮೇಲೆ ಮಾತಾಡಿತು.

ಹೀಗೇ ಕುತೂಹಲಕ್ಕೆ ಒಂದು ಎಚ್‌ಪಿ ಪಂಪನ್ನೂ ಇದರ ಮೇಲೆ ಎಳೆದೆ. ಓಡುವಾಗ ಒಂದು ಕಿಲೋವ್ಯಾಟ್ ಚಿಲ್ಲರೆ, ಸ್ಟಾರ್ಟ್‌ಗೆ ಅದರ ಐದಾರು ಪಟ್ಟು. ಇನ್ವರ್ಟರ್ ತಾಳಿಕೊಂಡಿತು, ಆದರೆ ರಾತ್ರಿ ಬಿಎಂಎಸ್ ಕತ್ತರಿಸಿತು: 100 ಆಂಪಿಯರ್ ಅದರ ಮಿತಿ. ಮಧ್ಯಾಹ್ನ ಪ್ಯಾನೆಲ್ ಕೈಜೋಡಿಸುವಾಗ ಎತ್ತಿತು. ಕೊನೆಗೆ ಪಂಪನ್ನು ಹಳೆ ಲೈನಿಗೇ ಬಿಟ್ಟೆ.

ನಷ್ಟವೂ ಇದೆ. ಬ್ಯಾಟರಿ ತುಂಬಿದ ಮೇಲೆ ಇನ್ವರ್ಟರ್ ಪ್ಯಾನೆಲ್‌ನ ಉತ್ಪಾದನೆಯನ್ನೇ ತಗ್ಗಿಸುತ್ತದೆ. ದಿನಕ್ಕೆ 12 ಯೂನಿಟ್ ಬರಬೇಕಾದಲ್ಲಿ ಬಳಸಿದ್ದು ಏಳೆಂಟು. ವಾಷಿಂಗ್ ಮಷಿನ್, ಇಸ್ತ್ರಿ ಹಗಲಿಗೆ ತಳ್ಳಿದ ಮೇಲೆ ಒಂಬತ್ತರ ತನಕ ಹೋಯಿತು. ಮೊದಲಿನಂತೆ ಸೊನ್ನೆಯಲ್ಲಿ ಕೂರುವುದಕ್ಕಿಂತ ವಾಸಿ.

ಮೀಟರ್ ಬಂದ ದಿನದ ಕೆಲಸ ನಲವತ್ತೇ ನಿಮಿಷ: ಗ್ರಿಡ್ ಕೇಬಲ್, ಗ್ರಿಡ್ ಕೋಡ್ (ಇನ್ವರ್ಟರ್‌ನಲ್ಲಿ ಗ್ರಿಡ್‌ಗೆ ಹೊಂದುವ ಸೆಟಿಂಗ್), ಸಿಟಿ ಕ್ಲಾಂಪ್ (ಗ್ರಿಡ್ ತಂತಿಯ ಕರೆಂಟ್ ಎಷ್ಟು, ಯಾವ ಕಡೆಗೆ ಎಂದು ಅಳೆಯುವ ಉಂಗುರ). ಸಿಟಿಯ ಬಾಣ ತಿರುಗಿದ್ದರೆ ಹೊರಹೋಗುವುದು ಒಳಬರುವಂತೆ ಕಂಡು, ಬ್ಯಾಟರಿ ಗ್ರಿಡ್‌ಗೆ ಸುರಿಯುತ್ತದೆ. ಸೋಲಾರ್ ಆಫ್ ಮಾಡಿ, ಬ್ಯಾಟರಿಯಿಂದ ಕರೆಂಟ್ ಬರುವುದನ್ನೂ ನಿಲ್ಲಿಸಿ, ಗೀಸರ್ ಹಾಕಿ. ಇಂಪೋರ್ಟ್ ಎರಡು ಕಿಲೋವ್ಯಾಟ್ ಏರಬೇಕು. ನಮ್ಮದು ಮೈನಸ್ ತೋರಿಸಿತು, ತಿರುಗಿಸಿ ಹಾಕಿದೆ.