ಖಾದಿಗೂ ಇಸ್ತ್ರಿ ಬಿಡಿಸಿದೆ: ನನ್ನ ಅನುಭವ

ನಮ್ಮ ಮನೆಯ ಇಸ್ತ್ರಿ ಖರ್ಚು ಈಗ ತಿಂಗಳಿಗೆ 250–300 ರೂಪಾಯಿಯ ಆಸುಪಾಸಿನಲ್ಲಿದೆ. ಮೊದಲು ಸಾಧಾರಣ ತಿಂಗಳಲ್ಲೇ 1,300 ಆಗುತ್ತಿತ್ತು, ಮದುವೆ ಮುಂಜಿವೆಗಳ ಕಾಲದಲ್ಲಿ 2,000 ಮುಟ್ಟುತ್ತಿತ್ತು. ಅಂಗಿಗೆ 10, ಹತ್ತಿ ಸೀರೆಗೆ ಗಂಜಿ ಸಮೇತ 70–80 ಎಂದು ಓಣಿಯ ದರ. ಮಾವನವರಿಗೆ ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಜುಬ್ಬಾವೇ ಆಗಬೇಕು, ನಾನು ಉಡುವುದು ಕೈಮಗ್ಗದ ಸೀರೆ. ಸುಕ್ಕಾಗುವ ಬಟ್ಟೆಗಳನ್ನೇ ಹುಡುಕಿ ತಂದಂಥ ಮನೆ ನಮ್ಮದು. ಇಸ್ತ್ರಿಯೇ ಬೇಡ, ಒಗೆದು ಒಣಗಿಸುವುದರಲ್ಲೇ ಸುಕ್ಕು ಬಿಡಿಸುತ್ತೇನೆ ಎಂದಾಗ ನಾದಿನಿ ನಕ್ಕಳು. ಇಸ್ತ್ರಿಯವನಂತೂ, “ಎಂಟು ದಿನ ಮಾಡುತ್ತೀರಿ ಅಕ್ಕಾ, ಒಂಬತ್ತನೆಯ ದಿನ ಗಂಟು ಕಟ್ಟಿಕೊಂಡು ಬರುತ್ತೀರಿ” ಎಂದ. ಎರಡು ಮಳೆಗಾಲ ಕಳೆದಿವೆ. ನಾದಿನಿ ಕಳೆದ ಶ್ರಾವಣದಲ್ಲಿ ತನ್ನ ಸೀರೆಗಳನ್ನು ಇಲ್ಲಿಗೇ ತಂದಿದ್ದಳು.

ಮೊದಲು ಹಣ ನುಂಗಿದವುಗಳ ವಿಷಯ ಹೇಳಿಬಿಡುತ್ತೇನೆ. ಬಟ್ಟೆ ಮೃದುಗೊಳಿಸುವ ನೀಲಿ ದ್ರಾವಣ ತಿಂಗಳಿಗೆ 200 ರೂಪಾಯಿಯಷ್ಟು ಬೇಕಾಗುತ್ತಿತ್ತು. ಪರಿಮಳ ಚೆನ್ನಾಗಿತ್ತು, ಸುಕ್ಕು ಹಾಗೆಯೇ ಇತ್ತು. ಟವೆಲ್‌ಗಳು ನೀರು ಹೀರುವುದನ್ನೇ ಬಿಟ್ಟವು. ಆಮೇಲೆ ಬಂದದ್ದು ಕೈಯಲ್ಲಿ ಹಿಡಿಯುವ ಉಗಿಯಂತ್ರ, ಹೆಚ್ಚುಕಡಿಮೆ 1,800 ರೂಪಾಯಿ. ಒಂದು ಖಾದಿ ಜುಬ್ಬಾಕ್ಕೆ ಹತ್ತು ನಿಮಿಷ ತೋಳು ಎತ್ತಿ ನಿಂತರೂ ಬೆನ್ನಿನ ಗೆರೆ ಹೋಗಲಿಲ್ಲ, ನಡುನಡುವೆ ನೀರು ಉಗುಳುತ್ತಿತ್ತು. ನಾಲ್ಕು ತಿಂಗಳಿಗೆ ಅದರ ಮೂತಿಯಲ್ಲಿ ಬಿಳಿ ಸುಣ್ಣದಂಥದ್ದು ಕಟ್ಟಿಕೊಂಡು ಉಗಿಯೇ ನಿಂತಿತು. ಹಣ ಹೋಯಿತು, ಆದರೆ ಆ ಬಿಳಿ ಪದರವೇ ದಾರಿ ತೋರಿಸಿತು.

ನಮ್ಮದು ಬೋರ್‌ವೆಲ್ ನೀರು. ಉಗಿಯಂತ್ರದಲ್ಲಿ ಕಟ್ಟಿಕೊಂಡದ್ದೇ ಬಟ್ಟೆಯ ಎಳೆಎಳೆಯಲ್ಲೂ ಕೂರುತ್ತಿತ್ತು. ಒಣಗಿದ ಅಂಗಿ ಸೆಟೆದು ನಿಲ್ಲುವುದು, ಒಮ್ಮೆ ಬಿದ್ದ ಮಡಿಕೆ ಜಗ್ಗಿದರೂ ಬಿಡದಿರುವುದು, ಎಲ್ಲದರಲ್ಲೂ ಅದರ ಪಾಲಿತ್ತು. ಕಾರ್ಪೊರೇಷನ್ ನೀರು ಬಂದ ದಿನ ಒಂದು ಡ್ರಮ್ ಬೇರೆ ತುಂಬಿಸಿಟ್ಟು, ಕೊನೆಯ ಜಾಲಾಡಿಕೆಗೆ ಮಾತ್ರ ಅದನ್ನು ಬಳಸತೊಡಗಿದೆ. ಒಂದು ಸರದಿಗೆ ಎರಡು ಬಕೆಟ್ ಸಾಕು. ಮಲಪ್ರಭಾ ಹೊಳೆಯ ಆ ಕಾರ್ಪೊರೇಷನ್ ನೀರು ಇನ್ನೂ ಬಂದಿಲ್ಲವೆಂದಾದರೆ ಬೋರ್‌ವೆಲ್ ನೀರಿಗೇ ಬಕೆಟ್ಟಿಗೆ ಅರ್ಧ ಲೋಟದಷ್ಟು ಬಿಳಿ ವಿನೆಗರ್. ಹಸಿಯಿದ್ದಾಗ ವಾಸನೆ ಬರುತ್ತದೆ, ಒಣಗಿದ ಮೇಲೆ ಇರುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದು ಜಾಲಾಡಿದ ಬಟ್ಟೆಯ ಮುಂದೆ ಇವೆರಡೂ ಸೋಲುತ್ತವೆ. ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರುವ ವಾರ್ಡಿನ ಪುಣ್ಯವಂತರು ಈ ಪ್ಯಾರಾವನ್ನು ಬಿಟ್ಟು ಮುಂದೆ ಹೋಗಬಹುದು.

ಇನ್ನು ಯಂತ್ರ. ನಮ್ಮದು ಎರಡು ತೊಟ್ಟಿಯ ಅರೆ ಸ್ವಯಂಚಾಲಿತ ಯಂತ್ರ. ಹಿಂಡುವ ತೊಟ್ಟಿಯಲ್ಲಿ ಐದು ನಿಮಿಷ ಗಿರಗಿರ ತಿರುಗಿಸಿದರೆ ಹತ್ತಿ ಬಟ್ಟೆ ಗೋಡೆಗೆ ಒತ್ತಿ ಕುಳಿತು, ಸುಕ್ಕು ಅಚ್ಚು ಹಾಕಿದ ಹಾಗೆ ಬೀಳುತ್ತದೆ. ಅಂಗಿ, ಸೀರೆಗಳಿಗೆ ಅರ್ಧ ನಿಮಿಷದ ಮೇಲೆ ನಾನು ಬಿಡುವುದಿಲ್ಲ, ಖಾದಿಯನ್ನು ಅದರೊಳಗೆ ಹಾಕುವುದೇ ಇಲ್ಲ. ಪೂರಾ ಸ್ವಯಂಚಾಲಿತ ಯಂತ್ರವಿದ್ದವರು ಹಿಂಡುವ ವೇಗವನ್ನು ನಿಮಿಷಕ್ಕೆ 400 ಸುತ್ತಿಗೆ ಇಳಿಸಿ, ಡ್ರಮ್ಮನ್ನು ಅರ್ಧ ಮಾತ್ರ ತುಂಬಿಸಿ ನೋಡಿ. ನೀರು ಸೋರಲಿ, ಬಿಡಿ. ಆ ನೀರಿನ ಭಾರವೇ ಬಟ್ಟೆಯನ್ನು ಕೆಳಕ್ಕೆ ಜಗ್ಗುತ್ತದೆ, ಆ ಕೆಲಸಕ್ಕೆ ಕರೆಂಟು ಬೇಡ.

ಅಂಗಿಯನ್ನು ಕೆಳ ಅಂಚಿನಿಂದ ಹಿಡಿದು ಮೂರ್ನಾಲ್ಕು ಸಲ ಜೋರಾಗಿ ಝಾಡಿಸಬೇಕು. ಅಗಲ ಭುಜದ ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿ ಮತ್ತು ನಡುವಿನ ಒಂದು ಗುಂಡಿ ಹಾಕಬೇಕು. ಆಮೇಲಿನದು ಕೈಯ ಕೆಲಸ. ಗುಂಡಿಪಟ್ಟಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು, ಹೊಲಿಗೆಯ ದಾರ ಸ್ವಲ್ಪ ಕಿರುಗುಡುವಷ್ಟು ಜಗ್ಗುತ್ತೇನೆ. ಹೊಲಿಗೆ ಬಟ್ಟೆಗಿಂತ ಹೆಚ್ಚು ಕುಗ್ಗಿರುತ್ತದೆ, ಪಟ್ಟಿ ನೆರಿಗೆ ಹಿಡಿಯುವುದು ಅದರಿಂದಲೇ. ಕಾಲರಿನ ಎರಡು ತುದಿ, ಜೇಬಿನ ಬಾಯಿ, ಕೈಪಟ್ಟಿ ಎಲ್ಲಕ್ಕೂ ಹೀಗೆಯೇ. ಕಾಲರನ್ನು ಒದ್ದೆಯಿದ್ದಾಗಲೇ ಮಡಚಿ ಹೆಬ್ಬೆರಳಿನಿಂದ ಉಜ್ಜಿಬಿಟ್ಟರೆ ಅದು ಹಾಗೆಯೇ ಕುಳಿತುಕೊಳ್ಳುತ್ತದೆ. ಒಂದು ಅಂಗಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಪ್ಯಾಂಟನ್ನು ತಲೆಕೆಳಗಾಗಿ, ಕಾಲಿನ ಅಂಚಿಗೆ ಕ್ಲಿಪ್ಪು ಹಾಕಿ ತೂಗಿಸುತ್ತೇನೆ, ಸೊಂಟದ ಭಾರ ಗೆರೆಯನ್ನು ನೇರ ಮಾಡುತ್ತದೆ. ತಂತಿಯ ಹ್ಯಾಂಗರುಗಳು ತುಕ್ಕು ಹಿಡಿದು ಎರಡು ಬಿಳಿ ಅಂಗಿ ಕೆಡಿಸಿದ ಮೇಲೆ ದುರ್ಗದ ಬೈಲಿನ ಪೇಟೆಯಿಂದ ದಪ್ಪ ಪ್ಲಾಸ್ಟಿಕ್ಕಿನವು ಬಂದವು. ಮೂವತ್ತಕ್ಕೆ 600 ಕೊಟ್ಟ ನೆನಪು. ನೈಲಾನ್ ಹಗ್ಗದ ಜಾಗಕ್ಕೆ ಸ್ಟೀಲ್ ಪೈಪು ಹಾಕಿಸಿದ್ದರ ಲೆಕ್ಕ ಯಜಮಾನರನ್ನು ಕೇಳಬೇಕು.

ಸೀರೆಗೆ ಮಾತ್ರ ಇಬ್ಬರು ಬೇಕು. ಉದ್ದಕ್ಕೆ ಎರಡು ಮಡಿಕೆ ಮಾಡಿ, ಆಚೆ ತುದಿಗೆ ಅತ್ತೆ, ಈಚೆ ತುದಿಗೆ ನಾನು. ಮೊದಲು ನೇರ, ಆಮೇಲೆ ಮೂಲೆಯಿಂದ ಮೂಲೆಗೆ ಜಗ್ಗುತ್ತೇವೆ. ಪೂರ್ತಿ ಒಣಗುವ ತನಕ ಪೈಪಿನ ಮೇಲೆ ಬಿಡುವುದಿಲ್ಲ. ಅಂಚಿನ ಪಟ್ಟಿ ಮುಟ್ಟಿದರೆ ತಂಪು ಹತ್ತಬೇಕು, ಮೈ ಒಣಗಿರಬೇಕು, ಆ ಹದದಲ್ಲೇ ಇಳಿಸುತ್ತೇವೆ. ಮಡಚಿ ಒಂದರ ಮೇಲೊಂದು ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಬೀಸುವ ಕಲ್ಲಿನ ಒಂದು ಭಾಗ. ಹಿಟ್ಟಿನ ಗಿರಣಿ ಬಂದ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಕಲ್ಲದು. ಬೆಳಿಗ್ಗೆ ತೆಗೆದು ಒಮ್ಮೆ ಗಾಳಿಗೆ ಹರವಿ ಕಪಾಟಿಗೆ ಸೇರಿಸುತ್ತೇನೆ. ಮಾವನವರ ಜುಬ್ಬಾಗಳು ಮಡಿಕೆ ಬೀಳುವುದೂ ಈ ಹಲಗೆಯ ಕೆಳಗೇ. ಹಾಸಿಗೆಯ ಕೆಳಗೆ ಇಟ್ಟೂ ನೋಡಿದೆವು. ಮಲಗಿದವರು ಹೊರಳಿದ ಕಡೆಗೆಲ್ಲ ಹೊಸ ಗೆರೆ ಬಿದ್ದವು.

ಹೊತ್ತು ನೋಡಿ ಹರವುವುದೂ ಮುಖ್ಯ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಬಿಸಿಲಿಗೆ ಹಾಕಿದರೆ ಸುಕ್ಕು ಬಿಚ್ಚಿಕೊಳ್ಳುವ ಮೊದಲೇ ಬಟ್ಟೆ ಒಣಗಿ ಕೂರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಐದರ ಮೇಲೆ, ನೆರಳಿನಲ್ಲಿ. ಮಳೆ ಹಿಡಿದಾಗ ಹಜಾರದಲ್ಲಿ ಫ್ಯಾನಿನ ಕೆಳಗೆ ಹ್ಯಾಂಗರುಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ತೂಗಿಸುತ್ತೇನೆ. ತಡವಾಗುತ್ತದೆ, ಆದರೆ ವರ್ಷದಲ್ಲಿ ಬಟ್ಟೆ ಅತಿ ಚೆನ್ನಾಗಿ ಕೂರುವುದು ಆಗಲೇ.

ಗಂಜಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅನ್ನದ ಗಂಜಿ ಕಡುನೀಲಿ ಸೀರೆಯ ಮೇಲೆ ಬಿಳಿ ಹಕ್ಕಳೆ ಬಿಡುತ್ತದೆ, ಮೈದಾ ಇನ್ನೂ ಕೆಟ್ಟದ್ದು. ಸಾಬುದಾನಿಯದು ಸೋಸಿದರೆ ಕನ್ನಡಿಯಂತೆ ತಿಳಿಯಾಗಿರುತ್ತದೆ, ನಾನು ಅದನ್ನೇ ಹಾಲಿಗಿಂತ ತೆಳುವಾಗಿ ಮಾಡಿ ಹಾಕುತ್ತೇನೆ. ಗಂಜಿ ಬಟ್ಟೆಗೆ ಕಪಾಟಿನಲ್ಲಿ ಬೆಳ್ಳಿಹುಳ ಬೀಳುತ್ತದೆಂಬ ಭಯ ನಿಜವೇ. ಹುಳ ಬಾರದಂತೆ ಗಂಜಿ ಕುದಿಯುವಾಗ ನಾನು ಒಂದು ಚಿಟಿಕೆ ಹಾಕುವ ವಸ್ತುವನ್ನು ನಾದಿನಿಗೇ ಹೇಳಿಲ್ಲ, ಇಲ್ಲಿ ಹೇಳುತ್ತೇನೆಯೇ?

ಒಂದೆರಡು ಅಡ್ಡ ಪ್ರಯೋಗಗಳೂ ನಡೆದವು. ಮಗಳ ಶಾಲೆಯ ನೆರಿಗೆ ಲಂಗವನ್ನು ಒಗೆಯುವ ಮೊದಲು ಪ್ರತಿ ನೆರಿಗೆಯ ತುದಿಗೂ ಸಡಿಲ ಟಾಕು ಹಾಕಿ, ಒಣಗಿದ ಮೇಲೆ ದಾರ ಎಳೆದುಬಿಡುತ್ತೇನೆ. ಭಾನುವಾರ ಟಿವಿ ನೋಡುತ್ತ ಮಾಡುವ ಕೆಲಸ; ಬುಧವಾರದವರೆಗೆ ನೆರಿಗೆ ನಿಲ್ಲುತ್ತದೆ. ಅತ್ತೆಯ ಕಾಲದ ಹಿತ್ತಾಳೆ ತಂಬಿಗೆಗೆ ಕುದಿನೀರು ಹಾಕಿ ಉಜ್ಜಿದರೆ ಕರವಸ್ತ್ರ, ಕುಪ್ಪಸದ ತೋಳು ಸೊಗಸಾಗಿ ಆಗುತ್ತವೆ. ಅಂಗಿಯ ಬೆನ್ನಿಗೆ ಬರುವ ಹೊತ್ತಿಗೆ ತಂಬಿಗೆ ಆರಿರುತ್ತದೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಕುಳಿತು ಹೋದ ಸೀರೆಯ ಹಿಂಭಾಗಕ್ಕೆ ಮಾತ್ರ ಒಗೆಯುವ ಉಪಾಯ ಯಾವುದೂ ನಾಟದು. ಕಚೇರಿ ತಲುಪಿದ ಮೇಲೆ ಅಂಗೈ ಒದ್ದೆ ಮಾಡಿಕೊಂಡು ಎರಡು ಸಲ ಸವರಿ, ಹತ್ತು ನಿಮಿಷ ನಿಂತೇ ಕೆಲಸ ಮಾಡುತ್ತೇನೆ. ಇನ್ನು ಯಜಮಾನರ ಎರಡು ಲಿನನ್ ಅಂಗಿಗಳಿವೆ. ಝಾಡಿಸಿ, ಜಗ್ಗಿ, ಕಲ್ಲಿನ ಕೆಳಗಿಟ್ಟರೂ ತೊಟ್ಟ ಅರ್ಧ ಗಂಟೆಗೆ ಮೊದಲಿನಂತಾಗುತ್ತವೆ. ಅವು ಈಗಲೂ ಓಣಿಯ ಅಂಗಡಿಗೇ ಹೋಗುತ್ತವೆ, ಲಿನನ್ನಿಗೆ 15 ರೂಪಾಯಿ.